ಎರಡು ಸಲ ಬರೆದ ನದಿ

ಪತ್ರ: ಕಳೆದ ಸಂಚಿಕೆಯಲ್ಲಿ ಬಂಗಾಳಿ ಕಾದಂಬರಿಕಾರ ಅದ್ವೈತ ಮಲ್ಲಬರ್ಮನ್ ಬಗ್ಗೆ ‘ಬದುಕಿದ್ದನ್ನೇ ಬರೆದರು’ ಎಂದು ಹೊಗಳಿದ್ದೀರಿ. ಬೆಸ್ತರ ಕೇರಿಯಲ್ಲಿ ಹುಟ್ಟಿದವರು ಬೆಸ್ತರ ಕತೆ ಬರೆದರೆ ಅದರಲ್ಲೇನು ಹೆಚ್ಚುಗಾರಿಕೆ? ಕಂಡದ್ದನ್ನು ಬರೆದಿಟ್ಟರೆ ಕಾದಂಬರಿ ಆಗಿಬಿಡುತ್ತದೆಯೇ? ಅಂದ ಹಾಗೆ, ಅವರ ‘ತಿತಾಸ್’ ಕಾದಂಬರಿಯ ಸಿನಿಮಾ ನೋಡಿದ್ದೇನೆ. ಪುಸ್ತಕ ಓದಲೇಬೇಕಾ? (ಸಾಗರದ ಓದುಗರೊಬ್ಬರು)

ಉತ್ತರ: ಚುಚ್ಚಿ ಕೇಳಿದ್ದೀರಿ, ಒಳ್ಳೆಯದೇ ಆಯಿತು. ಆ ಮಾತು ನನ್ನದೇ. ಸಂಚಿಕೆ ಅಚ್ಚಿಗೆ ಹೋಗುವ ಅವಸರದಲ್ಲಿ ಬರೆದೆ. ಈಗ ಓದಿದರೆ, ಹೊಗಳುವ ನೆಪದಲ್ಲಿ ಅದ್ವೈತರ ಅರ್ಧ ದುಡಿಮೆಯನ್ನು ಕಡೆಗಣಿಸಿದ ಹಾಗಿದೆ.

ಅವರು ಹುಟ್ಟಿದ್ದು 1914ರಲ್ಲಿ, ಈಗಿನ ಬಾಂಗ್ಲಾದೇಶದ ಬ್ರಾಹ್ಮಣಬಾರಿಯಾ ಹತ್ತಿರದ ಗೋಕರ್ಣಘಾಟ್‌ನಲ್ಲಿ. (ನಮ್ಮ ಗೋಕರ್ಣ ನೆನಪಾದರೆ ತಪ್ಪಿಲ್ಲ, ನನಗೂ ಆಗಿತ್ತು.) ತಿತಾಸ್ ನದಿ ದಂಡೆಯ ಮಾಲೋ ಬೆಸ್ತರ ಕೇರಿ. ಚಿಕ್ಕಂದಿನಲ್ಲೇ ತಬ್ಬಲಿಯಾದರು. ಓದಿಗೆ ಕೇರಿಯವರೇ ಚಂದಾ ಎತ್ತಿದರು. 1933ರಲ್ಲಿ ಮೆಟ್ರಿಕ್ ಆಯಿತು. ಕುಮಿಲ್ಲಾದಲ್ಲಿ ಕಾಲೇಜು ಸೇರಿ, ದುಡ್ಡಿಲ್ಲದೆ ಬಿಟ್ಟರು. ಮರುವರ್ಷ ಕಲ್ಕತ್ತೆಗೆ ಬಂದು ಪತ್ರಿಕೆ ಕೆಲಸಕ್ಕೆ ನಿಂತರು.

ಅವರ ಕಾದಂಬರಿ ‘ತಿತಾಸ್ ಏಕ್ಟಿ ನದೀರ್ ನಾಮ್’ (ತಿತಾಸ್ ಒಂದು ನದಿಯ ಹೆಸರು) ಹುಟ್ಟಿದ್ದು ನದಿ ದಂಡೆಯಲ್ಲಿ ಅಲ್ಲ. ಊರು ಬಿಟ್ಟು ಹತ್ತು ವರ್ಷ ಕಳೆದ ಮೇಲೆ, ಕಲ್ಕತ್ತೆಯಲ್ಲಿ. ‘ಮೊಹಮ್ಮದಿ’ ಮಾಸಿಕದಲ್ಲಿ ಕೆಲವು ಕಂತು ಬಂದವು. ಆಮೇಲೆ ಹಸ್ತಪ್ರತಿಯೇ ಕಳೆದುಹೋಯಿತು. ಅಷ್ಟನ್ನೂ ಮತ್ತೆ ಬರೆದರು! ‘ಇನ್ನೊಂದು ಸಲ ಬರೆದು ಕೊಡಿ’ ಅಂದರೆ ಮುಖ ಗಂಟು ಹಾಕುವ ಲೇಖಕರನ್ನು ನಾನು ಜಾಸ್ತಿ ನೋಡಿದ್ದೇನೆ. ಹಾಗಾಗಿ ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಮೊದಲ ಭಾಗದ ಒಂದು ದೃಶ್ಯ ನೋಡಿ. ಮಾಘ ಮಾಸದ ವ್ರತ. ಕೊನೆಯ ದಿನ ಮದುವೆಯಾಗದ ಹುಡುಗಿಯರು ‘ಚೌಯಾರಿ’ಗಳನ್ನು ನದಿಗೆ ತೇಲಿಬಿಡುತ್ತಾರೆ. ಬಾಳೆದಿಂಡು, ಬಣ್ಣದ ಕಾಗದದಲ್ಲಿ ಮಾಡಿದ ಪುಟ್ಟ ಮಂಟಪಗಳು. ಹುಡುಗರು ನೀರಿಗೆ ಬಿದ್ದು ಅವಕ್ಕಾಗಿ ಕಿತ್ತಾಡುತ್ತಾರೆ. ಬಾಸಂತಿಗೆ ಚೌಯಾರಿ ಕಟ್ಟಿಕೊಡುವವರು ಕಿಶೋರ್ ಮತ್ತು ಸುಬಲ್, ಜೀವದ ಗೆಳೆಯರು. ಮುಂದೆ ಕಿಶೋರನಿಗೆ ಹುಚ್ಚು ಹಿಡಿಯುತ್ತದೆ. ಬಾಸಂತಿಯನ್ನು ಮದುವೆಯಾದ ಸುಬಲ್ ಸಾಯುತ್ತಾನೆ. ವ್ರತವನ್ನು ಆ ಕೇರಿಯ ಮಕ್ಕಳೆಲ್ಲ ನೋಡಿದ್ದರು. ಮೂವರ ಬಾಳನ್ನು ಆ ಬಾಳೆದಿಂಡಿಗೆ ಕಟ್ಟಲು ಕಸುಬು ಗೊತ್ತಿರಬೇಕು.

ಅದ್ವೈತರಂಥದೇ ಒಬ್ಬ ಹುಡುಗ ಕಾದಂಬರಿಯಲ್ಲಿದ್ದಾನೆ, ಅನಂತ. ತಬ್ಬಲಿ, ಓದಲು ಪೇಟೆ ಸೇರುತ್ತಾನೆ. ನಾನಾಗಿದ್ದರೆ ಅವನನ್ನೇ ನಾಯಕ ಮಾಡಿ ನೂರು ಪುಟ ತುಂಬಿಸುತ್ತಿದ್ದೆ. ಅದ್ವೈತರು ಅವನನ್ನು ಪೇಟೆಗೆ ಕಳಿಸಿಕೊಟ್ಟು, ಕತೆಯನ್ನು ಕೇರಿಯಲ್ಲೇ ಉಳಿಸಿದರು. ನದಿಯಲ್ಲಿ ಹೂಳು ತುಂಬುತ್ತದೆ. ನಡುವೆ ದಿಬ್ಬ ಏಳುತ್ತದೆ, ನಮ್ಮ ಕರಾವಳಿಯವರು ಕುದ್ರು ಅನ್ನುತ್ತಾರಲ್ಲ, ಅಂಥದ್ದು. ನೀರಿರುವ ತನಕ ಬೆಸ್ತರದು. ನೆಲ ಎದ್ದ ಕೂಡಲೇ ಉಳುವವರು, ಜಮೀನುದಾರರು ಬಂದು ಇಳಿಯುತ್ತಾರೆ.

ಹಾಗಂತ ಹುಟ್ಟು ಲೆಕ್ಕಕ್ಕೇ ಇಲ್ಲ ಅಂತಲ್ಲ. ಬೆಸ್ತರ ಬದುಕಿನ ಬಗ್ಗೆಯೇ ಮಾಣಿಕ್ ಬಂದೋಪಾಧ್ಯಾಯರ ಬಂಗಾಳಿ ಕಾದಂಬರಿ ‘ಪದ್ಮಾ ನದೀರ್ ಮಾಝಿ’ 1936ರಲ್ಲೇ ಬಂದಿತ್ತು. ಅವರು ಬೆಸ್ತರಲ್ಲ, ಆದರೂ ಪುಸ್ತಕ ಶ್ರೇಷ್ಠವೇ. ಅಲ್ಲಿ ಹಸಿವು ಎದ್ದು ಕಾಣುತ್ತದೆ. ತಿತಾಸ್‌ನಲ್ಲಿ ಹಸಿವಿನ ಜೊತೆಗೆ ಹಾಡು, ದೋಣಿ ಓಟ, ಹೆಂಗಸರ ಜಗಳ ಎಲ್ಲ ಇದೆ. ‘ಜಾತ್ರಾ’ ಎಂಬ ಬಯಲು ನಾಟಕದ ಅಬ್ಬರಕ್ಕೆ ಮಾಲೋಗಳ ಹಾಡು ಸೋತಾಗ ಕೇರಿಯ ಒಗ್ಗಟ್ಟೇ ಮುರಿಯುತ್ತದೆ. ಹಸಿವು ಹೊರಗಿನವರ ಕಣ್ಣಿಗೂ ಬೀಳುತ್ತದೆ. ಹಾಡು ಸತ್ತದ್ದು ಒಳಗಿದ್ದವರಿಗೆ ಮೊದಲು ಗೊತ್ತಾಗುತ್ತದೆ, ಅಲ್ವಾ?

ಅಚ್ಚಾದ ಪುಸ್ತಕವನ್ನು ಅದ್ವೈತರು ನೋಡಲಿಲ್ಲ. 1951ರಲ್ಲಿ ಕ್ಷಯ ಅವರನ್ನು ಕರೆದೊಯ್ಯಿತು, ವಯಸ್ಸು 37. ಪುಸ್ತಕ ಬಂದದ್ದು 1956ರಲ್ಲಿ.

ಇನ್ನು ಸಿನಿಮಾ. ಋತ್ವಿಕ್ ಘಟಕ್ 1973ರಲ್ಲಿ ಮಾಡಿದ್ದು ತಾನೇ? ನೋಡಿದ್ದರೂ ಪುಸ್ತಕ ಓದಿ. ಬಂಗಾಳಿ ಬಾರದಿದ್ದರೆ ಕಲ್ಪನಾ ಬರ್ಧನ್ ಅವರ ಇಂಗ್ಲಿಷ್ ಅನುವಾದವಿದೆ. ಸಿನಿಮಾದ ಕೊನೆಯಲ್ಲಿ ಎಲೆಯ ಪೀಪಿ ಊದುತ್ತಾ ಭತ್ತದ ಗದ್ದೆಯಲ್ಲಿ ಓಡುವ ಮಗು ನೆನಪಿದೆಯಾ? ಅದು ಘಟಕರ ಕಲ್ಪನೆಯ ಮಗು. ಪುಸ್ತಕದಲ್ಲಿ ಹುಡುಕಬೇಡಿ.