ಕಡಲ ಬಾಗಿಲು ಮುಚ್ಚಿದ್ದು ಯಾರು?

ನಮಸ್ಕಾರ.

ನೀವು ಉಡುಪಿಯಿಂದ ಕಳಿಸಿದ ಕತೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮಗೆ ಬರೆಯಲು ಬರುತ್ತದೆ. ಅದಕ್ಕೇ ಸುಮ್ನೆ ವಾಪಸ್ ಕಳಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕತೆಯಲ್ಲಿ ಘಟ್ಟ ಇಳಿದು ಬಂದ ದಂಡು ಕಡಲ ತಡಿಯ ಕೋಟೆಪಟ್ಟಣವನ್ನು ಹನ್ನೆರಡು ದಿನದಲ್ಲಿ ಗೆಲ್ಲುತ್ತದೆ. ದಂಡಿನ ಹತ್ತಿರ ಒಂದು ದೋಣಿಯೂ ಇಲ್ಲ. ಒಳಗಿನವರು ಹಸಿವು ತಾಳಲಾರದೆ ಬಾಗಿಲು ತೆರೆಯುತ್ತಾರೆ. ಇಲ್ಲಿ ನನ್ನ ಓದು ನಿಂತುಹೋಯಿತು. ಮೂರು ಕಡೆ ಮುತ್ತಿಗೆ ಹಾಕಿಸಿದ್ದೀರಿ. ನಾಲ್ಕನೇ ಕಡೆ ಕಡಲು. ಅಲ್ಲಿಂದ ಅಕ್ಕಿ ಯಾಕೆ ಬರಲಿಲ್ಲ?

ಹಡಗಿಲ್ಲದೆ ಬಂದರು ಗೆಲ್ಲಲು ಆಗದು ಎಂದು ನಾನು ಹೇಳುತ್ತಿಲ್ಲ. ನಿಮ್ಮ ದಂಡು ಗೋಡೆ ಒಡೆದು ನುಗ್ಗಿದ್ದರೆ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. 1739ರಲ್ಲಿ ಚಿಮಾಜಿ ಅಪ್ಪನ ಮರಾಠರು ವಸಾಯಿ ಕೋಟೆಯ ಗೋಡೆಯಡಿ ಸುರಂಗ ತೋಡಿ ಮದ್ದು ಸಿಡಿಸಿದರು. ಆದರೆ ಹಸಿವಿನಿಂದ ಗೆಲ್ಲಬೇಕೆಂದರೆ ಕಡಲನ್ನು ಏನಾದರೂ ಮುಚ್ಚಲೇಬೇಕು. 1570ರಲ್ಲಿ ಬಿಜಾಪುರದ ಆದಿಲಶಾಹಿ ದೊಡ್ಡ ದಂಡು ಕಟ್ಟಿಕೊಂಡು ಪೋರ್ಚುಗೀಸರ ಕೈಲಿದ್ದ ಗೋವಾಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತರೂ ಬರಿಗೈಲಿ ಮರಳಬೇಕಾಯಿತು. ಟೈರ್ ದ್ವೀಪನಗರಕ್ಕೆ ಅಲೆಕ್ಸಾಂಡರ್ ಕಡಲಲ್ಲೇ ದಾರಿ ಕಟ್ಟಲು ಹೊರಟ. ಒಳಗಿನವರು ಬೆಂಕಿ ಹಚ್ಚಿದ ಹಡಗು ನುಗ್ಗಿಸಿ ಅವನ ಗೋಪುರಗಳನ್ನು ಸುಟ್ಟರು. ಸೈಡನ್, ಸೈಪ್ರಸ್ ಕಡೆಯ ಹಡಗುಗಳು ಅವನ ಜೊತೆ ಸೇರಿದ ಮೇಲೆಯೇ ಊರು ಬಿದ್ದದ್ದು. ಅದಕ್ಕೂ ಏಳು ತಿಂಗಳು ಬೇಕಾಯಿತು.

ಅಷ್ಟು ದೂರ ಯಾಕೆ, ನಮ್ಮ ಮಂಗಳೂರನ್ನೇ ನೋಡಿ. 1783ರ ಮೇ ತಿಂಗಳಲ್ಲಿ ಟಿಪ್ಪು ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯ ಕೈಕೆಳಗೆ ಇಂಗ್ಲಿಷರ ಪಡೆ ಇತ್ತು. ಫಿರಂಗಿಗಳು ಗೋಡೆಯನ್ನು ಹೊಡೆದು ಹಾಕಿದರೂ ಕೋಟೆ ಕೈಗೆ ಬರಲಿಲ್ಲ. ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಶಾಂತಿಯಾದ ಸುದ್ದಿ ಬಂದಾಗ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಆಗಸ್ಟ್‌ನಲ್ಲಿ ಕದನವಿರಾಮವಾಯಿತು. ಆಮೇಲೆ ಕಡಲಲ್ಲಿ ಇಂಗ್ಲಿಷರ ಹಡಗುಗಳು ಕಾಣಿಸಿಕೊಂಡರೂ ಬೇಕಾದಷ್ಟು ಆಹಾರ ಒಳಗೆ ತಲುಪಲಿಲ್ಲ. ಹಸಿವಿಗೂ ಕಾಯಿಲೆಗೂ ಸೋತು 1784ರ ಜನವರಿ 30ರಂದು ಒಳಗಿನವರು ಕೋಟೆ ಬಿಟ್ಟುಕೊಟ್ಟರು. ಎಂಟು ತಿಂಗಳು! ಅದೇ ವರ್ಷ ಟಿಪ್ಪು ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಕಟ್ಟಿಸಿದ, ಗುರುಪುರ ನದಿಯೊಳಗೆ ಯುದ್ಧದ ಹಡಗು ಬರಬಾರದೆಂದು. ಒಮ್ಮೆ ಅದರ ಮೇಲೆ ಹತ್ತಿ ನಿಂತು ನೀರಿನ ಕಡೆ ನೋಡಿ. ನಿಮ್ಮ ಸೇನಾಪತಿ ಮೊದಲ ದಿನವೇ ಯಾವ ಕಡೆ ನೋಡಬೇಕಿತ್ತು ಎಂದು ಗೊತ್ತಾಗುತ್ತದೆ.

ನಮ್ಮ ಕರಾವಳಿಯಲ್ಲಿ ಹಡಗಿಲ್ಲದವನಿಗೂ ಒಂದು ದಾರಿ ಇದೆ. ಮಳೆಗಾಲ. ಜೂನ್, ಜುಲೈಯಲ್ಲಿ ಅಳಿವೆ ಬಾಗಿಲಲ್ಲಿ ಅಲೆ ಹೇಗೆ ಏಳುತ್ತದೆಂದು ನೀವೂ ನೋಡಿದ್ದೀರಿ, ಅಲ್ವಾ? ಹಾಯಿಹಡಗಿನ ಕಾಲದಲ್ಲಿ ಆ ತಿಂಗಳುಗಳಲ್ಲಿ ಕಡಲ ವ್ಯಾಪಾರವೇ ನಿಂತಿರುತ್ತಿತ್ತು. ನೀವೋ ಯುದ್ಧವನ್ನು ಸುಗ್ಗಿಯ ಕಾಲದಲ್ಲಿ ಇಟ್ಟು, ಕಡಲು ಕನ್ನಡಿಯಂತೆ ಮಲಗಿತ್ತು ಎಂದು ಬರೆದಿದ್ದೀರಿ. ವಾಕ್ಯ ಚೆನ್ನಾಗಿದೆ. ಆದರೆ ಅಂಥ ಕಡಲಲ್ಲಿ ಒಂದೇ ರಾತ್ರಿಗೆ ಎಷ್ಟು ದೋಣಿ ಅಕ್ಕಿ ಒಳಗೆ ಬಂದೀತು, ಲೆಕ್ಕ ಹಾಕಿ.

ಕತೆಯನ್ನು ಮಳೆ ಸುರಿಯುವ ಆಟಿ ತಿಂಗಳಿಗೆ ತನ್ನಿ. ಆಗ ಹೊರಗಿನವರ ಕಷ್ಟವೂ ಬರೆಯಬೇಕಾಗುತ್ತದೆ. ಮದ್ದು ಒದ್ದೆಯಾಗುತ್ತದೆ, ಘಟ್ಟದ ದಾರಿಯಲ್ಲಿ ಎತ್ತುಗಳು ಕೆಸರಿನಲ್ಲಿ ಹೂತು ನಿಲ್ಲುತ್ತವೆ, ಬಿಡಾರದಲ್ಲಿ ಜ್ವರ ಹಬ್ಬುತ್ತದೆ. ಒಳಗಿನವರು ಒಣಮೀನು, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಸೊಳೆ ಮುಗಿಯುವವರೆಗೆ ತಳ್ಳುತ್ತಾರೆ. ಆಟಿಯ ಬಡತನ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ. ಹನ್ನೆರಡು ದಿನ ಸಾಲದು. ತಿಂಗಳುಗಳೇ ಬೇಕು, ಕತೆಗೂ ಅಷ್ಟು ಉಸಿರು ಬೇಕು.

ಕತ್ತಿವರಸೆಯ ಎರಡು ಪುಟಗಳನ್ನು ತೆಗೆದುಬಿಡಿ, ಅವು ಜಾಸ್ತಿಯಾದವು. ಸೇನಾಪತಿಯ ಭಾಷಣವೂ ಬೇಡ.

ಆರನೇ ಪುಟದಲ್ಲಿ ದೋಣಿ ನಡೆಸುವ ಒಬ್ಬ ಮುದಿ ತಂಡೇಲ ಬರುತ್ತಾನೆ. ಬಲೆ ಹೆಣೆಯುತ್ತಾ ಕೂತು, ದಂಡಿನವರು ಕೇಳಿದ್ದಕ್ಕೆ "ನನ್ನ ದೋಣಿ ಒಡೆದಿದೆ" ಎನ್ನುತ್ತಾನೆ. ಎರಡೇ ಸಾಲು, ಆಮೇಲೆ ಅವನ ಪತ್ತೆಯೇ ಇಲ್ಲ. ನನಗೆ ಇಡೀ ಕತೆಯಲ್ಲಿ ಮನಸ್ಸಿಗೆ ಹಿಡಿದದ್ದು ಅವನೇ. ದೋಣಿ ನಿಜವಾಗಿ ಒಡೆದಿತ್ತೋ, ಇಲ್ಲವೋ? ರಾತ್ರಿ ಅಳಿವೆ ದಾಟಿ ಕೋಟೆಗೆ ಅಕ್ಕಿ ಒಯ್ಯುತ್ತಿದ್ದನೋ? ಕಡಲು ಕೆರಳಿದ ಮೇಲೆ ಏನು ಮಾಡಿದ? ಅವನಿಂದ ಶುರುಮಾಡಿ ಇನ್ನೊಮ್ಮೆ ಬರೆದು ಕಳಿಸಿ. ನಾನು ಕಾಯುತ್ತಿರುತ್ತೇನೆ.

ಸಂಪಾದಕ, ಮಂಗಳೂರು