ಉಗ್ರರ ವಿರುದ್ಧದ ಕಾರ್ಯಾಚರಣೆಯನ್ನು ಟಿವಿಯಲ್ಲಿ ನೇರಪ್ರಸಾರ ಮಾಡುವಂತಿಲ್ಲ, ಏಕೆ?

ಕಟ್ಟಡದೊಳಗೆ ಸೇರಿಕೊಂಡ ಉಗ್ರರಿಗೆ ಹೊರಗಿನ ಪಡೆಗಳ ಚಲನವಲನ ಕಾಣಿಸುವುದಿಲ್ಲ. ನೇರಪ್ರಸಾರವು ಅದನ್ನು ಅವರಿಗೆ ತಲುಪಿಸಿಬಿಡುತ್ತದೆ ಎಂಬುದೇ ಮುಖ್ಯ ಕಾರಣ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ನಡೆದಾಗ, ಪಾಕಿಸ್ತಾನದಲ್ಲಿ ಕುಳಿತಿದ್ದ ಲಷ್ಕರ್-ಎ-ತಯಬಾದ ಸೂತ್ರಧಾರರು ಭಾರತೀಯ ವಾಹಿನಿಗಳನ್ನು ನೋಡುತ್ತಲೇ ದಾಳಿಕೋರರಿಗೆ ಫೋನಿನಲ್ಲಿ ಸೂಚನೆ ನೀಡುತ್ತಿದ್ದರು. ದಾಳಿಕೋರರು ಸೇರಿಕೊಂಡಿದ್ದ ಕಟ್ಟಡಗಳಲ್ಲೊಂದಾದ ನಾರಿಮನ್ ಹೌಸ್‌ನ ಛಾವಣಿಗೆ ಕಮಾಂಡೊಗಳು ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಇಳಿಯುವುದನ್ನು ಇಡೀ ದೇಶ ಆ ಕ್ಷಣದಲ್ಲೇ ನೋಡಿತು. ಅದನ್ನು ಯಾರು ಬೇಕಾದರೂ ನೋಡಬಹುದಿತ್ತು ಎಂಬುದೇ ಇಲ್ಲಿನ ಭಯಾನಕ ಸಂಗತಿ.

ಆ ದಾಳಿಯಲ್ಲಿ ಜೀವಂತವಾಗಿ ಸೆರೆಸಿಕ್ಕ ಉಗ್ರ ಕಸಬ್‌ನ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಪ್ರಸಾರವನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಲಾಗದು ಎಂದು ಹೇಳಿ, ವಾಹಿನಿಗಳು ತಮ್ಮ ವಾಣಿಜ್ಯ ಹಿತಕ್ಕಾಗಿ ರಾಷ್ಟ್ರದ ಭದ್ರತೆಯನ್ನು ಅಪಾಯಕ್ಕೆ ಒಡ್ಡಿದವು ಎಂದು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿಯಾಗಿ, ಕಾರ್ಯಾಚರಣೆ ಮುಗಿಯುವವರೆಗೆ ಸರ್ಕಾರ ಗೊತ್ತುಪಡಿಸಿದ ಅಧಿಕಾರಿಯು ಆಗಾಗ ನೀಡುವ ಮಾಹಿತಿಯನ್ನಷ್ಟೇ ಪ್ರಸಾರ ಮಾಡಬೇಕೆಂಬ ನಿರ್ಬಂಧ ಬಂತು.

ಇದು ಸುದ್ದಿಯನ್ನೇ ಮುಚ್ಚಿಡುವ ನಿಯಮವಲ್ಲ, ಕೆಲವು ಗಂಟೆ ತಡೆಹಿಡಿಯುವ ನಿಯಮ ಎಂಬುದು ನನ್ನ ಅಭಿಪ್ರಾಯ. ಕಾರ್ಯಾಚರಣೆಯಲ್ಲಿ ಲೋಪಗಳಾಗಿದ್ದರೆ, ಅದು ಮುಗಿದ ಮೇಲೆ ಪತ್ರಕರ್ತರು ಅವನ್ನು ಪ್ರಶ್ನಿಸಬಹುದು, ಪ್ರಶ್ನಿಸಲೇಬೇಕು. ಆದರೆ ಇದು ಟಿವಿ ವಾಹಿನಿಗಳಿಗಾಗಿ ರೂಪಿಸಿದ ನಿಯಮ. ಎದುರು ಮನೆಯ ಕಿಟಕಿಯಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚುವವರ ಕೈಯನ್ನು ಅದು ಕಟ್ಟಿಹಾಕುವುದಿಲ್ಲ.