ಒರಿಜಿನಲ್ ಇಲ್ಲದ ಜೆರಾಕ್ಸ್

ಎರಡು ವರ್ಷದಲ್ಲಿ ಇದು ನಾಲ್ಕನೇ ಜೋಡಿ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೆಲ್ಲ ಅರವತ್ತು ದಾಟಿದ ಗಂಡ ಹೆಂಡತಿ ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಬರುತ್ತಿದ್ದದ್ದು ಸೊಸೆಯ ವಿಷಯಕ್ಕೆ, ಇಲ್ಲವೇ ಆಸ್ತಿಯ ವಿಷಯಕ್ಕೆ. ಈಗ ಥಾಯ್ಲೆಂಡ್ ವಿಷಯಕ್ಕೂ ಬರುತ್ತಾರೆ. ನಿವೃತ್ತಿ ಆದಮೇಲೆ ಅಲ್ಲೇ ಹೋಗಿ ಇದ್ದುಬಿಡೋಣ ಅಂತ ಒಬ್ಬರು. ಇನ್ನೊಬ್ಬರು ಬಾಯಿ ಬಿಡುವುದಿಲ್ಲ.

ಇವರನ್ನು ರಾಯರು, ಶಾರದಮ್ಮ ಎನ್ನೋಣ. ಹೆಸರು, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ರಾಯರಿಗೆ 63, ಶಾರದಮ್ಮನಿಗೆ 58. ಒಬ್ಬ ಮಗ, ಅಮೆರಿಕದಲ್ಲಿ. ಬೆಂಗಳೂರಿನಲ್ಲಿ ಥರ್ಟಿ ಫಾರ್ಟಿ ಸೈಟು, ಮೇಲೊಂದು ಬಾಡಿಗೆ ಮನೆ. ಒಂದು ಡಿಸೆಂಬರ್‌ನಲ್ಲಿ ಹತ್ತು ದಿನ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಟೂರ್ ಹೋಗಿ ಬಂದರು. ತಂಪು ಹವೆ, ಗುಡ್ಡ, ಗುಡಿ, ಕೈಗೆಟುಕುವ ಬಾಡಿಗೆ. ವಾಪಸ್ ಬಂದವರೇ ರಾಯರು ಮನೆ ಮಾರಲು ಬ್ರೋಕರ್‌ಗೆ ಹೇಳಿದರು. ಶಾರದಮ್ಮ ಅವತ್ತಿನಿಂದ ಮಾತು ಕಡಿಮೆ ಮಾಡಿದರು. ನನ್ನ ಹತ್ತಿರ ಬರುವ ಹೊತ್ತಿಗೆ ಆರು ತಿಂಗಳಾಗಿತ್ತು.

ಮೊದಲ ಎರಡು ಭೇಟಿಯಲ್ಲಿ ರಾಯರೇ ಮಾತಾಡಿದರು. ಒಂದು ನೀಲಿ ಫೈಲ್ ತಂದಿದ್ದರು. ಹೇಳಬೇಕೆಂದರೆ, ಬಹಳ ಅಚ್ಚುಕಟ್ಟಾದ ಫೈಲ್. ಥಾಯ್ಲೆಂಡಿನಲ್ಲಿ 50 ದಾಟಿದ ವಿದೇಶಿಯರಿಗೆ ನಿವೃತ್ತಿಯ ಆಧಾರದ ಮೇಲೆ ಒಂದೊಂದು ವರ್ಷ ಇರಲು ಅನುಮತಿ ಕೊಡುತ್ತಾರೆ. ಅದಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. 8 ಲಕ್ಷ ಬಾತ್ ಅಂದರೆ ನಮ್ಮ 20 ಲಕ್ಷ ರೂಪಾಯಿ ದಾಟುತ್ತದೆ. ವರ್ಷದ ಅನುಮತಿ ಕೇಳುವ 2 ತಿಂಗಳ ಮೊದಲೇ ದುಡ್ಡು ಖಾತೆಯಲ್ಲಿ ಇರಬೇಕು, ಅನುಮತಿ ಸಿಕ್ಕ ಮೇಲೂ 3 ತಿಂಗಳು ಮುಟ್ಟುವ ಹಾಗಿಲ್ಲ, ಉಳಿದ ದಿನಗಳಲ್ಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. 90 ದಿನಕ್ಕೊಮ್ಮೆ ‘ಇದೇ ವಿಳಾಸದಲ್ಲಿ ಇದ್ದೇನೆ’ ಅಂತ ಇಮಿಗ್ರೇಷನ್‌ಗೆ ತಿಳಿಸಬೇಕು. ಇವೆಲ್ಲ ರಾಯರಿಗೆ ಬಾಯಿಪಾಠ. ಜಮೀನು ವಿದೇಶಿಯರ ಹೆಸರಿಗೆ ಆಗುವುದಿಲ್ಲ, ಫ್ಲ್ಯಾಟ್ ಆದರೆ ಒಂದು ಕಟ್ಟಡದಲ್ಲಿ ಎಲ್ಲ ವಿದೇಶಿಯರಿಗೂ ಸೇರಿ ಇರುವ ಶೇ. 49ರ ಮಿತಿಯೊಳಗೆ ಕೊಳ್ಳಬಹುದು ಅನ್ನುವುದನ್ನೂ ಅವರೇ ನನಗೆ ಹೇಳಿಕೊಟ್ಟರು.

ಮೂರನೇ ಭೇಟಿಗೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ‘ಅಲ್ಲಿ ನಿಮ್ಮ ಒಂದು ಮಂಗಳವಾರ ಹೇಗಿರುತ್ತೆ, ಬೆಳಗ್ಗೆಯಿಂದ ರಾತ್ರಿವರೆಗೆ ಬರೀರಿ’ ಎಂದೆ. ಭಾನುವಾರ ಅಂದರೆ ಎಲ್ಲರೂ ಪಾರ್ಕು, ಪಿಕ್‌ನಿಕ್ ಬರೆದುಬಿಡುತ್ತಾರೆ. ಅದಕ್ಕೇ ಮಂಗಳವಾರ.

ರಾಯರು ಪುಟ ತುಂಬಿಸಿದರು. ವಾಕಿಂಗ್, ಕಾಫಿ, ಈಜು, ಸಂಜೆ ಮಾರ್ಕೆಟ್. ಶಾರದಮ್ಮ ಎರಡೇ ಸಾಲು ಬರೆದಿದ್ದರು. ‘ಅಡುಗೆ. ಇವರು ವಾಕಿಂಗ್‌ನಿಂದ ಬರುವವರೆಗೆ ಕಾಯುವುದು.’

ರಾಯರು ಅದನ್ನು ಓದಿ ನಕ್ಕರು. ‘ಇಲ್ಲೂ ಅದೇ ಅಲ್ವೇನೇ ನೀನು ಮಾಡೋದು?’

ಆಗ ಶಾರದಮ್ಮ ಫೈಲನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಅದರಲ್ಲಿ ರಾಯರ ಹೆಸರಿನ ಕೆಳಗೆ ಅವರ ಹೆಸರು ಇತ್ತು, ಪಕ್ಕದಲ್ಲಿ ‘ಅವಲಂಬಿತರು’ ಅಂತ ಬರೆದಿತ್ತು.

‘ಮೇಡಂ, ಇದರಲ್ಲಿ ಇವರು ಒರಿಜಿನಲ್, ನಾನು ಜೆರಾಕ್ಸು. ಒರಿಜಿನಲ್ ಇಲ್ಲದಿದ್ರೆ ಜೆರಾಕ್ಸ್ ಯಾವ ಆಫೀಸಲ್ಲೂ ನಡೆಯಲ್ಲ ಅಲ್ವಾ? ಇವರಿಗೆ ಶುಗರ್ ಇದೆ. ನಾಳೆ ಏನಾದ್ರೂ ಆದ್ರೆ ಆ ಊರಲ್ಲಿ ನಾನು ಯಾರು?’

ರಾಯರು ‘ಬಿಡ್ತು ಅನ್ನು’ ಎಂದರು. ಆಮೇಲೆ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಆರು ತಿಂಗಳ ಮೌನಕ್ಕೆ ನಾನು ಊಹಿಸಿದ್ದ ಕಾರಣ ಬೇರೆ. ತವರಿನವರು, ಭಜನಾ ಮಂಡಳಿ, ಮಗ ವಾಪಸ್ ಬಂದಾನು ಎಂಬ ಆಸೆ, ಹೀಗೆ ಏನೇನೋ. ಆಕೆ ಫೈಲನ್ನು ಗಂಡನಿಗಿಂತ ಚೆನ್ನಾಗಿ ಓದಿದ್ದರು.

ಆಕೆ ಹೇಳಿದ್ದು ಅಕ್ಷರಶಃ ನಿಜ. ಗಂಡನ ಅನುಮತಿಯ ಮೇಲೆ ಅವಲಂಬಿತರಾಗಿ ಇರುವ ಹೆಂಡತಿಯ ಅನುಮತಿ ಗಂಡನದ್ದರ ಜೊತೆಗೇ ಮುಗಿಯುತ್ತದೆ. ಗಂಡನ ಒಬ್ಬರದೇ ಹೆಸರಿನಲ್ಲಿರುವ ಖಾತೆ, ಸಾವಿನ ಸುದ್ದಿ ಬ್ಯಾಂಕಿಗೆ ಮುಟ್ಟಿದ ಮೇಲೆ ತೆರೆಯುವುದಿಲ್ಲ. ಅಲ್ಲಿನ ಕೋರ್ಟಿನಿಂದ ಆಸ್ತಿ ನೋಡಿಕೊಳ್ಳುವವರು ಯಾರು ಅಂತ ಆದೇಶ ತರಬೇಕು. ಭಾಷೆ ಗೊತ್ತಿಲ್ಲ, ವಕೀಲರು ಗೊತ್ತಿಲ್ಲ, ಅತ್ತು ಮುಗಿದಿಲ್ಲ. ಹೀಗೆ ಒಂಟಿಯಾಗಿ ವಾಪಸ್ ಬಂದ ಒಬ್ಬರನ್ನು ಹಿಂದೆ ನಾನು ನೋಡಿದ್ದೇನೆ. ಅವರ ದುಃಖಕ್ಕೆ ನಾನು ಸಮಾಧಾನ ಹೇಳಬಲ್ಲವಳಾಗಿದ್ದೆ. ಕಾಗದಗಳಿಗೆ ನನ್ನ ಹತ್ತಿರ ಮದ್ದು ಇರಲಿಲ್ಲ.

ಅದಕ್ಕೇ ಈ ಸಲ ಕಾಗದದ ಬಗ್ಗೆಯೇ ಸಲಹೆ ಕೊಟ್ಟೆ. ‘ವೀಸಾ ಲೆಕ್ಕ ನಿನಗ್ಯಾಕೆ, ಮನಸ್ಸಿನ ಮಾತಾಡು’ ಅಂತ ನನ್ನ ಜೊತೆ ಕೆಲಸ ಮಾಡುವವರೇ ತಮಾಷೆ ಮಾಡಿದರು. ಮಾಡಲಿ. ಶಾರದಮ್ಮನ ಭಯ ಇದ್ದದ್ದು ಆ ಒಂದು ಹಾಳೆಯಲ್ಲಿ. ಹಾಳೆ ಬದಲಾಯಿಸದೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಅದು ಮೋಸ ಅಂತ ನನಗೆ ಈಗಲೂ ಅನಿಸುತ್ತದೆ.

ಮೊದಲ ಸಲಹೆ: ಶಾರದಮ್ಮನಿಗೆ 58 ಆಗಿದೆ, ಅವರ ಹೆಸರಿಗೇ ಬೇರೆ ಅರ್ಜಿ ಹಾಕಿ, ಅವರ ಹೆಸರಿನಲ್ಲೇ ಇನ್ನೊಂದು 8 ಲಕ್ಷ ಬಾತ್ ಇಡಿ. ರಾಯರು ಕುರ್ಚಿಯಿಂದ ಅರ್ಧ ಎದ್ದರು. ‘ಇಲ್ಲಿ ಎಫ್‌ಡಿ ಇಟ್ಟರೆ ಎಷ್ಟು ಬಡ್ಡಿ ಬರುತ್ತೆ ಗೊತ್ತಾ? ಅಲ್ಲಿ ಸುಮ್ನೆ ಕೊಳೆಯುತ್ತೆ.’ ಅದೂ ಸರಿಯೇ. ಅಷ್ಟು ದುಡ್ಡು ಇಡಲು ಆಗದಿದ್ದರೆ ಅದಕ್ಕೂ ಒಂದು ಅರ್ಥ ಇದೆ, ಆ ಊರು ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಸಾಲುತ್ತದೆ ಎಂದೆ. ಸ್ವಲ್ಪ ಖಾರವಾಯಿತೇನೋ. ನಾನು ಶಾರದಮ್ಮನ ಪರ ನಿಂತೆ ಅಂತ ರಾಯರಿಗೆ ಅನಿಸಿರಬಹುದು, ಸುಳ್ಳೂ ಅಲ್ಲ.

ಎರಡನೆಯದು, ಮನೆ ಮಾರಬೇಡಿ. ದೇಶಗಳ ನಿಯಮ ನಿಂತ ಜಾಗದಲ್ಲಿ ನಿಲ್ಲುವುದಿಲ್ಲ. ಮಲೇಷ್ಯಾದ ‘ಎರಡನೇ ಮನೆ’ ಯೋಜನೆಯಲ್ಲಿ ತಿಂಗಳಿಗೆ 10,000 ರಿಂಗಿಟ್ ಇದ್ದ ವರಮಾನದ ಷರತ್ತನ್ನು 2021ರಲ್ಲಿ ಒಮ್ಮೆಲೇ 40,000ಕ್ಕೆ ಏರಿಸಿದರು. ಆಮೇಲೆ ಮತ್ತೆ ಬದಲಾಯಿಸಿದರು. ಥಾಯ್ಲೆಂಡ್ ಕೂಡ 2024ರಿಂದ, ವರ್ಷಕ್ಕೆ 180 ದಿನ ಇದ್ದವರು ಹೊರಗಿನಿಂದ ತರುವ ಆದಾಯವನ್ನು ತೆರಿಗೆ ಲೆಕ್ಕಕ್ಕೆ ಸೇರಿಸುತ್ತಿದೆ. ವಾಪಸ್ ಬರಲು ಒಂದು ಬಾಗಿಲು ಇರಲಿ, ಅದರ ಬೀಗದಕೈ ಇಬ್ಬರ ಹತ್ತಿರವೂ ಇರಲಿ.

ಮೂರನೆಯದಕ್ಕೆ ನನ್ನದೇ ಹಟ: ಡಿಸೆಂಬರ್ ನೋಡಿ ಊರು ಒಪ್ಪಬೇಡಿ, ಮಾರ್ಚ್‌ನಲ್ಲಿ ಹೋಗಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡಿನಲ್ಲೂ ಪಕ್ಕದ ಮ್ಯಾನ್ಮಾರ್, ಲಾವೋಸ್‌ನಲ್ಲೂ ಹೊಲ, ಕಾಡು ಸುಡುತ್ತಾರೆ. ಚಿಯಾಂಗ್ ಮಾಯ್ ಕಣಿವೆಯೊಳಗಿನ ಊರು, ಹೊಗೆ ಹೊರಗೆ ಹೋಗದೆ ಅಲ್ಲೇ ಕೂರುತ್ತದೆ.

ಇನ್ನು ಸಣ್ಣಪುಟ್ಟವು. ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿನ ಆಸ್ಪತ್ರೆಗೆ ನಡೆಯುವುದಿಲ್ಲ. ಹಾಗಂತ ಬಿಟ್ಟುಬಿಟ್ಟರೆ, ಮತ್ತೆ ಮಾಡಿಸುವಾಗ ಇದೇ ಶುಗರ್‌ಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ನೆಲೆಸಲು ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಹೋಗುವ ಮೊದಲು ದುಡ್ಡು ಕಳಿಸುವುದಾದರೆ ಒಬ್ಬೊಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ್ದಕ್ಕೆ ಬ್ಯಾಂಕು ಶೇ. 20 ತೆರಿಗೆ ಮುಂಚಿತವಾಗಿ ಹಿಡಿಯುತ್ತದೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಅಲ್ಲಿನ ಖಾತೆಗೆ ಅಲ್ಲೇ ಒಂದು ವಿಲ್ ಬರೆಸಿ.

ಮಾರ್ಚ್‌ನಲ್ಲಿ ಹೋದರು. ಮೂರು ವಾರ ಅಂತ ಹೋದವರು ಒಂಬತ್ತನೇ ದಿನ ಚಿಯಾಂಗ್ ಮಾಯ್ ಬಿಟ್ಟರು. ಎದುರಿನ ಗುಡ್ಡವೇ ಕಾಣುತ್ತಿರಲಿಲ್ಲವಂತೆ, ರಾಯರಿಗೆ ಕೆಮ್ಮು. ಸೋಜಿಗ ಅಂದರೆ, ವಾಪಸ್ ಹೋಗೋಣ ಅನ್ನದೆ ದಕ್ಷಿಣಕ್ಕೆ ಹೋಗೋಣ ಅಂದದ್ದು ಶಾರದಮ್ಮ. ಸಮುದ್ರದ ದಂಡೆಯ ಹುವಾ ಹಿನ್‌ನಲ್ಲಿ ಉಳಿದ ದಿನ ಕಳೆದರು. ಹಳದಿ ಬಾವುಟ ಹಾಕಿದ ‘ಜೇ’ ಊಟದ ಅಂಗಡಿಯನ್ನು ಅವರೇ ಹುಡುಕಿದರು. ಮಾಂಸ, ಮೀನು ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟ. ‘ನಮ್ಮ ಅಜ್ಜಿ ಮಡಿ ಅಡುಗೆ ಹಾಗೇ ಮೇಡಂ’ ಅಂತ ನಗುತ್ತಾ ಹೇಳಿದರು.

ಹೋದ ವಾರ ರಾಯರು ಫೋನ್ ಮಾಡಿದ್ದರು. ಹುವಾ ಹಿನ್‌ನಲ್ಲಿ ಒಂದು ವರ್ಷಕ್ಕೆ ಬಾಡಿಗೆ ಮನೆ ನೋಡಿದ್ದಾರೆ. ಬೆಂಗಳೂರಿನ ಮನೆ ಮಾರುತ್ತಿಲ್ಲ, ಕೆಳಗಿನ ಮನೆಗೂ ಬಾಡಿಗೆಯವರು ಬರುತ್ತಾರೆ. ಎರಡನೇ 8 ಲಕ್ಷದ ಬಗ್ಗೆ ಇನ್ನೂ ಗೊಣಗಾಟ ಇದೆ. ‘ನೀವು ಹೇಳಿದಿರಿ ಅಂತ ಇಡ್ತಿದ್ದೀನಿ, ಬಡ್ಡಿ ಮಾತ್ರ ದಂಡ’ ಎಂದರು.

ಫೋನ್ ಇಡುವ ಮುಂಚೆ ಒಂದು ಮಾತು ಕೇಳಿದರು. ‘ಇವಳು ಪಕ್ಕದಲ್ಲಿ ಕೇಳ್ತಿದ್ದಾಳೆ, ಇಂಗು ಎಷ್ಟು ತಗೊಂಡು ಹೋಗಬಹುದು ಅಂತ. ನಿಮಗೇನಾದ್ರೂ ಗೊತ್ತಾ?’

ಗೊತ್ತಿಲ್ಲ ಎಂದೆ. ಡಬ್ಬಿ ಮುಚ್ಚಳಕ್ಕೆ ಟೇಪ್ ಸುತ್ತಲು ಹೇಳಿ ಎಂದೆ.